ಬೇಸಿಗೆಯ ಬಿಡುವು ಮತ್ತು ಶಾಲೆಯ ಬಯಲು

ಸ್ಮರಣ ಸಂಚಿಕೆಗೆ ಲೇಖನವೊಂದನ್ನು ಬರೆದುಕೊಡಬೇಕೆಂದು ಸಂಪಾದಕ ಮಂಡಳಿಯ ಮಿತ್ರರು ಕೇಳಿದಾಗ, ಶಿಕ್ಷಣದ ಧ್ಯೇಯೋದ್ದೇಶಗಳನ್ನು ಕುರಿತು ನಾಲ್ಕು ಮಾತು ಬರೆಯುವೆನೆಂದು ಅವರು ನಿರೀಕ್ಷಿಸಿದ್ದಿರಬೇಕು. ಆ ವಿಷಯವನ್ನು ನನಗಿಂತ ಚೆನ್ನಾಗಿ ಬಲ್ಲವರು ಈ ಸಂಚಿಕೆಯಲ್ಲಿಯೇ ಹಲವರಿದ್ದಾರೆ. ನಾನು ಬರೆಯಹೊರಟಿರುವುದು ಶಾಲೆ ಇಲ್ಲದ ದಿನಗಳನ್ನು ಕುರಿತು. ಎಂದರೆ ಏಪ್ರಿಲ್ ತಿಂಗಳ ಎರಡನೆಯ ವಾರದಿಂದ ಮೇ ಕೊನೆಯವರೆಗಿನ, ನಮ್ಮ ಕಡೆಯ ಮಕ್ಕಳ ಬಾಯಲ್ಲಿ 'ಸೂಟಿ' ಎನಿಸಿಕೊಳ್ಳುವ ಆ ಏಳು ವಾರಗಳನ್ನು ಕುರಿತು. ಸಂಸ್ಥೆಯ ವಾರ್ಷಿಕ ವರದಿಗಳಲ್ಲಿ ಈ ವಾರಗಳ ಸುದ್ದಿ ಎಲ್ಲಿಯೂ ಬರುವುದಿಲ್ಲ. ಫಲಿತಾಂಶವಾದ ಮೇಲೆ ಪ್ರವೇಶ, ಪ್ರವೇಶವಾದ ಮೇಲೆ ಪ್ರಾರಂಭೋತ್ಸವ. ನಡುವೆ ಏನೂ ಇಲ್ಲ.

ಕಳೆದ ಮೇ ತಿಂಗಳಲ್ಲಿ ಊರಿಗೆ ಹೋದವನು ಒಂದು ಸಂಜೆ ಶಾಲೆಯ ಕಡೆಗೆ ನಡೆದೆನು. 1971ರಲ್ಲಿ ಇಲ್ಲಿಂದ ಎಸ್.ಎಸ್.ಎಲ್.ಸಿ. ಮುಗಿಸಿ ಹೊರಬಿದ್ದವನಿಗೆ ಬೇವಿನ ಮರದ ಕಟ್ಟೆಯ ಮೇಲೆ ತುಸು ಹೊತ್ತು ಕೂಡ್ರಬೇಕೆನಿಸಿದ್ದು ಸಹಜ. ಗೇಟಿಗೆ ಕೀಲಿ ಬಿದ್ದಿತ್ತು. ಹೊರಗೆ, ಕಂಪೌಂಡಿನ ನೆರಳಿನಲ್ಲಿ, ಏಳೆಂಟು ಹುಡುಗರು ಒಂದೇ ಫೋನಿನ ಸುತ್ತ ತಲೆ ಬಾಗಿಸಿ ಕುಳಿತಿದ್ದರು. "ಒಳಗ ಬಿಡೂದಿಲ್ಲರಿ ಸರ, ಸೂಟಿ ಮುಗಿಯೂತನಕಾ ಯಾರನ್ನೂ ಬಿಡಬ್ಯಾಡಂತ ಹೇಳ್ಯಾರ" ಎಂದು ಕಾವಲುಗಾರನು ವಿನಯದಿಂದಲೇ ಹೇಳಿದನು. ಅವನ ಹಿಂದಿನ ಫಲಕದಲ್ಲಿ ಹೊಸ ನಕ್ಷೆಯೊಂದು ಕಾಣಿಸುತ್ತಿತ್ತು: ಬಯಲು ರಂಗಮಂಟಪವಿರುವ ಜಾಗದಲ್ಲಿ ಎಂಟು ಕೋಣೆಗಳ ತರಬೇತಿ ಕಟ್ಟಡ. ದಾನಿಗಳ ಔದಾರ್ಯದಿಂದ ಏಳಲಿರುವ ಆ ಕಟ್ಟಡದ ಬಗ್ಗೆ ನನಗೆ ಅಗೌರವವಿಲ್ಲ. ಆದರೆ ಆ ಕೀಲಿಯನ್ನೂ ಆ ನಕ್ಷೆಯನ್ನೂ ಒಟ್ಟಿಗೆ ಕಂಡಂದಿನಿಂದ ಮನಸ್ಸಿನಲ್ಲಿ ಕೊರೆಯುತ್ತಿರುವ ಮಾತೊಂದನ್ನು ಇಲ್ಲಿ ಬಿನ್ನವಿಸಿಕೊಳ್ಳುತ್ತೇನೆ. ಬಿಡುವಿಗೆ ಸಮಯವೊಂದಿದ್ದರೆ ಸಾಲದು, ಸ್ಥಳವೂ ಬೇಕು. ನಮ್ಮ ಊರುಗಳಲ್ಲಿ ಅಂಥ ಸ್ಥಳವಾಗಿ ಈಗ ಉಳಿದಿರುವುದು ಶಾಲೆಯ ಬಯಲೊಂದೇ.

ಬೇಸಿಗೆಯು ವಿನೋದದ ಕಾಲವಾದದ್ದು ಶಿಕ್ಷಣ ಇಲಾಖೆಯ ಸುತ್ತೋಲೆಯಿಂದಲ್ಲ. ಬಿಳಿಜೋಳದ ಸುಗ್ಗಿ ಮುಗಿದು ಕಣ ಬರಿದಾದ ಮೇಲೆ, ರೋಹಿಣಿ-ಮೃಗಶಿರ ಮಳೆಗಳು ಬಿದ್ದು ಬಿತ್ತಿಗೆಗೆ ಹದವಾಗುವವರೆಗೆ, ಒಣಬೇಸಾಯದ ರೈತನಿಗೆ ಹೊಲದಲ್ಲಿ ಹೆಚ್ಚಿನ ಕೆಲಸವಿರುತ್ತಿರಲಿಲ್ಲ. ಮದುವೆ, ಜಾತ್ರೆ, ಬಯಲಾಟಗಳೆಲ್ಲ ಈ ಸಂದಿಯಲ್ಲಿ ಬಂದು ಕೂಡಿಕೊಂಡದ್ದು ಈ ಕಾರಣದಿಂದಲೇ. ಇನ್ನು ಬಿಸಿಲಿನ ಮಾತು. ಕಲಬುರಗಿ ವಿಭಾಗದ ಜಿಲ್ಲೆಗಳಲ್ಲಿಯೂ ವಿಜಯಪುರ, ಬಾಗಲಕೋಟೆಗಳಲ್ಲಿಯೂ ಏಪ್ರಿಲ್-ಮೇ ತಿಂಗಳುಗಳಲ್ಲಿ ಸರಕಾರಿ ಕಚೇರಿಗಳ ವೇಳೆಯನ್ನು ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ರವರೆಗೆ ಬದಲಿಸುವ ರೂಢಿಯುಂಟು. ಸರಕಾರವೇ ಬಿಸಿಲಿಗೆ ತಲೆಬಾಗುವ ಈ ಸೀಮೆಯಲ್ಲಿ ಮನುಷ್ಯನು ಮನುಷ್ಯನಾಗಿ ಉಸಿರಾಡುವುದು ಸಂಜೆ ಆರರ ನಂತರ, ಅದೂ ಮನೆಯ ಹೊರಗೆ. ಆದುದರಿಂದ ನಮ್ಮ ಬೇಸಿಗೆಯ ಸಂಗೀತ, ನಾಟಕ, ಸಿನಿಮಾ ಎಲ್ಲವೂ ಮೊದಲಿನಿಂದಲೂ ಬಯಲಿನ ವ್ಯವಹಾರಗಳೇ ಆಗಿದ್ದವು.

ಕಣದಲ್ಲಿ ಸಂಗ್ಯಾ ಬಾಳ್ಯಾ ಅಥವಾ ಕೃಷ್ಣ ಪಾರಿಜಾತ ಬೆಳತನಕ ನಡೆಯುತ್ತಿತ್ತು. ಜಾತ್ರೆಗೆ ಬಂದ ಕಂಪನಿಯು ತಗಡಿನ ಥೇಟರು ಹಾಕಿತೆಂದರೆ ಮಳೆ ಹಿಡಿಯುವವರೆಗೂ ಕದಲುತ್ತಿರಲಿಲ್ಲ. ಇದನ್ನು ಬರಿಯ ಮನರಂಜನೆಯೆಂದು ತಳ್ಳಿಹಾಕುವವರು ನಮ್ಮ ನಾಡಿನ ಸಂಗೀತದ ಚರಿತ್ರೆಯನ್ನು ಒಮ್ಮೆ ನೋಡಬೇಕು. ಮಲ್ಲಿಕಾರ್ಜುನ ಮನಸೂರರು ಬಾಲ್ಯದಲ್ಲಿ ಹಾಡಿದ್ದು ವಾಮನರಾವ್ ಮಾಸ್ತರರ ನಾಟಕ ಕಂಪನಿಯಲ್ಲಿ. ನೀಲಕಂಠಬುವಾ ಅವರ ಕಿವಿಗೆ ಆ ಹುಡುಗನ ಕಂಠ ಬಿದ್ದುದು ಆ ರಂಗದ ಮೇಲಿಂದ. ಗಂಗೂಬಾಯಿ ಹಾನಗಲ್ಲರ ಗುರುಗಳಾದ ಸವಾಯಿ ಗಂಧರ್ವರೂ ರಂಗಭೂಮಿಯ ಗಾಯಕರಾಗಿದ್ದವರೇ. ಗದುಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಅಂಧ ಮಕ್ಕಳ ಅನ್ನ-ವಿದ್ಯೆಗಳಿಗೆ ಹಣ ಸಾಲದೆ ಬಂದಾಗ ಪುಟ್ಟರಾಜ ಗವಾಯಿಗಳು ನಾಟಕ ಕಂಪನಿಯನ್ನೇ ಕಟ್ಟಿದರು, ತಾವೇ ನಾಟಕಗಳನ್ನು ಬರೆದರು. ಊರ ಜನರು ಸಂತೋಷಕ್ಕಾಗಿ ಕೊಟ್ಟ ಟಿಕೀಟಿನ ದುಡ್ಡು ವಿದ್ಯಾರ್ಥಿಯ ತಟ್ಟೆಯಲ್ಲಿ ರೊಟ್ಟಿಯಾಗಿ ಬಂದಿತು. ದಾಸೋಹಕ್ಕೂ ವಿನೋದಕ್ಕೂ ಹಗೆಯೆಂದು ಬಗೆಯುವವರಿಗೆ ಇದಕ್ಕಿಂತ ಬೇರೆ ಉತ್ತರ ಬೇಕಿಲ್ಲ.

ಭೀಮಸೇನ ಜೋಶಿಯವರ ಕತೆಯಂತೂ ಎಲ್ಲರಿಗೂ ಗೊತ್ತಿದ್ದದ್ದೇ. ಶಾಲಾ ಮಾಸ್ತರರ ಮಗ. ಭಜನೆಯ ಮೇಳ ಕಂಡಲ್ಲೆಲ್ಲ ಬೆನ್ನುಹತ್ತಿ ಹೋಗುತ್ತಿದ್ದ ಹುಡುಗನನ್ನು ಹುಡುಕಿ ಹುಡುಕಿ ಸಾಕಾಗಿ, ಯಾರ ಮಗನೆಂಬುದನ್ನು ತಂದೆಯವರು ಅಂಗಿಯ ಮೇಲೆಯೇ ಬರೆದಿಟ್ಟಿದ್ದರೆಂದು ಹೇಳುತ್ತಾರೆ. ಅಂಗಡಿಯಲ್ಲಿ ಹಾಕುತ್ತಿದ್ದ ಅಬ್ದುಲ್ ಕರೀಂ ಖಾನರ ತಟ್ಟೆಯನ್ನು ಕೇಳಿ ಮರುಳಾದ ಆ ಬಾಲಕನು 1933ರಲ್ಲಿ ಗುರುವನ್ನು ಅರಸುತ್ತ ಮನೆಯನ್ನೇ ಬಿಟ್ಟನು. ಇಲ್ಲಿ ನಾನು ಗಮನಿಸಬೇಕೆನ್ನುವುದು ಇಷ್ಟೇ: ಆ ಹಾಡು ಬೀದಿಯಲ್ಲಿತ್ತು, ದುಡ್ಡಿಲ್ಲದ ಹುಡುಗನ ಕಿವಿಗೂ ಅದು ತಾನಾಗಿ ಬಿದ್ದಿತು. (ಮನೆ ಬಿಟ್ಟು ಹೋಗಿರೆಂದು ನಮ್ಮ ವಿದ್ಯಾರ್ಥಿಗಳಿಗೆ ನಾನು ಉಪದೇಶಿಸುತ್ತಿದ್ದೇನೆಂದು ಪಾಲಕರು ಭಾವಿಸಬಾರದು.)

ಸಿನಿಮಾದ ವಿಷಯಕ್ಕೆ ಬಂದರೆ, ನನ್ನ ಪೀಳಿಗೆಯವರು ಅದನ್ನು ಮೊದಲು ಕಂಡದ್ದು ಟೂರಿಂಗ್ ಟಾಕೀಸಿನ ಡೇರೆಯಲ್ಲಿ. ಬೆಳಕು ಪೂರ್ತಿ ಹೋಗದೆ ಆಟ ಶುರುವಾಗುವಂತಿಲ್ಲ. ಧ್ವನಿವರ್ಧಕದಲ್ಲಿ ಭಕ್ತಿಗೀತೆ ನಿಂತಿತೆಂದರೆ ಊರೆಲ್ಲ ಓಟ ಕೀಳುತ್ತಿತ್ತು. ನೆಲದ ಟಿಕೀಟಿಗೆ 25 ಪೈಸೆ. ಇದ್ದ ಒಂದೇ ಯಂತ್ರದಲ್ಲಿ ರೀಲು ಮುಗಿದಾಗಲೆಲ್ಲ ದೀಪ ಹತ್ತುತ್ತಿತ್ತು. ಆಗ ಗೌಡರ ಮನೆಯವರು, ಕುಂಬಾರರು, ನಮ್ಮ ಗಣಿತದ ಮಾಸ್ತರರು, ಎಲ್ಲರೂ ಎಲ್ಲರಿಗೂ ಕಾಣಿಸುತ್ತಿದ್ದರು. ಮಾಸ್ತರರನ್ನು ಕಂಡ ನಾವು ತಲೆ ತಗ್ಗಿಸುತ್ತಿದ್ದೆವು, ನಮ್ಮನ್ನು ಕಂಡ ಮಾಸ್ತರರೂ ಅಷ್ಟೇ. 'ಬೇಡರ ಕಣ್ಣಪ್ಪ' 1954ರಲ್ಲಿ ತೆರೆಗೆ ಬಂದದ್ದು ಗುಬ್ಬಿ ಕಂಪನಿಯ ನಾಟಕದಿಂದ. 'ಸಂಪತ್ತಿಗೆ ಸವಾಲ್' 1974ರಲ್ಲಿ ಚಿತ್ರವಾದದ್ದು ಪಿ. ಬಿ. ಧುತ್ತರಗಿಯವರ ನಾಟಕದಿಂದ. ನಾಟಕದ ಪ್ರೇಕ್ಷಕನೇ ಸಿನಿಮಾದ ಪ್ರೇಕ್ಷಕನಾಗಿ ಮುಂದುವರಿದನು. ಕಲೆ ಬದಲಾದರೂ ಒಟ್ಟಿಗೆ ಕೂಡ್ರುವ ರೂಢಿ ಬದಲಾಗಲಿಲ್ಲ.

ಕುಟುಂಬದ ಪ್ರವಾಸಗಳ ಬಗೆಗೆ ಹೆಚ್ಚು ಬೆಳೆಸುವುದಿಲ್ಲ. ಅಜ್ಜನ ಊರೇ ನಮ್ಮ ಕಾಲದ ದೊಡ್ಡ ಪ್ರವಾಸ. ಈಗಿನವರು ಕಾರು ಮಾಡಿಕೊಂಡು ಬಾದಾಮಿ, ಪಟ್ಟದಕಲ್ಲು, ಕೂಡಲಸಂಗಮಗಳಿಗೆ ಹೋಗುತ್ತಾರೆ, ಒಳ್ಳೆಯದೇ. ಮೇ ತಿಂಗಳ ನಡುಹಗಲಿನಲ್ಲಿ ಬಾದಾಮಿಯ ಕೆಂಪು ಬಂಡೆಯ ಮೆಟ್ಟಿಲೇರಿ, ಮೂರನೆಯ ಗುಹೆಯಲ್ಲಿ 578ರ ಶಾಸನವಿದೆಯೆಂದು ಮಗುವಿಗೆ ಹೇಳಹೊರಟರೆ ಮಗು ನೀರು ಕೇಳುತ್ತದೆ, ಅಷ್ಟೇ. ಅದೇ ತಿಂಗಳಲ್ಲಿ ಗೋಕಾಕದ ಜಲಪಾತಕ್ಕೆ ಹೋದ ನನ್ನ ಬಂಧುಗಳೊಬ್ಬರು ಬಂಡೆಯನ್ನು ನೋಡಿಕೊಂಡು ಬಂದರು.

ಆದರೆ ಈ ಪ್ರಸಂಗದಲ್ಲಿ ಒಂದು ಮಾತನ್ನು ಹೇಳದೆ ಬಿಡಲಾರೆ. ಪ್ರವಾಸವೆಂದರೆ ನನ್ನ ತಾಯಿಯವರಿಗೆ ಬೆಳಿಗ್ಗೆ ನಾಲ್ಕಕ್ಕೆ ಎದ್ದು ಬುತ್ತಿ ಕಟ್ಟುವ ಕೆಲಸವಾಗಿತ್ತು. ಸೂಟಿಯೆಂದರೆ ಮಾಳಿಗೆಯ ಮೇಲೆ ಸಂಡಿಗೆ-ಹಪ್ಪಳ, ಶ್ಯಾವಿಗೆಯ ಮಣೆ, ವರ್ಷಕ್ಕಾಗುವಷ್ಟು ಖಾರದ ಪುಡಿ. ಗಂಡಸರೂ ಮಕ್ಕಳೂ ಬಿಡುವಾಗಿದ್ದ ಆ ಏಳು ವಾರಗಳು ಹೆಂಗಸರಿಗೆ ವರ್ಷದಲ್ಲಿಯೇ ಹೆಚ್ಚು ದುಡಿತದವು. ಅವರಿಗೆ ಸಿಕ್ಕ ಬಿಡುವೆಂದರೆ ರಾತ್ರಿಯ ನಾಟಕವೇ. ಹೆಂಗಸರ ಕಡೆಯ ಚಾಪೆಯ ಮೇಲೆ, ತೊಡೆಯ ಮೇಲೊಂದು ಕೂಸನ್ನು ಮಲಗಿಸಿಕೊಂಡು, ಏಣಗಿ ಬಾಳಪ್ಪನವರ ಬಸವೇಶ್ವರನನ್ನು ಕಂಡು ಕಣ್ಣೀರು ತೆಗೆದ ಆ ಮೂರು ತಾಸು. 2023ರ ಜೂನ್ 11ರಂದು ಆರಂಭವಾದ ಶಕ್ತಿ ಯೋಜನೆಯಿಂದ ಸಾಮಾನ್ಯ ಬಸ್ಸುಗಳಲ್ಲಿ ಮಹಿಳೆಯರ ಪ್ರಯಾಣ ಉಚಿತವಾದಾಗ, ಬಸ್ಸುಗಳು ತುಂಬಿ ತುಳುಕುವುದನ್ನು ಕಂಡು ಹಲವರು ಹಾಸ್ಯ ಮಾಡಿದರು. ನನಗೆ ನಗು ಬರಲಿಲ್ಲ. ತವರಿಗೋ ಜಾತ್ರೆಗೋ ಗಂಡನ ಜೇಬನ್ನು ಕೇಳದೆ ಹೊರಡಬಹುದೆಂಬುದು ಎಷ್ಟು ದಿನಗಳ ಆಸೆಯಾಗಿತ್ತೆಂಬುದನ್ನು ಆ ಬಸ್ಸುಗಳು ಹೇಳುತ್ತಿದ್ದವು.

ಈ ಬಯಲಿನ ವಿನೋದವು ಹೇಗೆ ಕುಗ್ಗುತ್ತ ಬಂದಿತೆಂಬುದು ನಮ್ಮ ಕಣ್ಣೆದುರಿನ ಸಂಗತಿ. 1987ರಲ್ಲಿ ದೂರದರ್ಶನದ 'ರಾಮಾಯಣ' ಬಂದಾಗ ಒಂದು ಓಣಿಗೆ ಒಂದು ಪೆಟ್ಟಿಗೆ. ಕಿಟಕಿಯ ಸರಳು ಹಿಡಿದು ನಿಂತವರೂ ಪ್ರೇಕ್ಷಕರೇ. ಆಮೇಲೆ ಮನೆಗೊಂದು ಬಂದಿತು, ಈಗ ಅಂಗೈಗೊಂದು. ಕಣಗಳು ಪ್ಲಾಟುಗಳಾದವು. ಡೇರೆ ಎದ್ದುಹೋದ ಜಾಗದಲ್ಲಿ ಥೇಟರು ಬಂದು, ಆ ಥೇಟರೂ ಎಷ್ಟೋ ಊರುಗಳಲ್ಲಿ ಕಲ್ಯಾಣ ಮಂಟಪವಾಗಿದೆ. ಜಿಲ್ಲಾ ಕೇಂದ್ರದ ಮಾಲಿಗೆ ಹೋಗಿ ನಾಲ್ಕು ಜನ ಒಂದು ಸಿನಿಮಾ ನೋಡಿ ಬರುವುದೆಂದರೆ ಕೂಲಿಯ ಮನೆಯವರಿಗೆ ವಾರದ ಗಳಿಕೆ ಬೇಕು. ಜಾತ್ರೆಯಲ್ಲಿ ರಸಮಂಜರಿಯವರು ತಬಲಾ-ಹಾರ್ಮೋನಿಯಂ ಇಟ್ಟುಕೊಂಡು ತಪ್ಪೋ ಒಪ್ಪೋ ತಮ್ಮ ಕಂಠದಿಂದ ಹಾಡುತ್ತಿದ್ದ ಕಡೆ ಇಂದು ಡಿ.ಜೆ. ಎದೆ ನಡುಗಿಸುತ್ತದೆ. ಹುಡುಗರು ಫೋನು ಹಿಡಿದು ಕೆಟ್ಟರೆಂದು ಹಿರಿಯರು ಗೊಣಗುವುದನ್ನು ದಿನವೂ ಕೇಳುತ್ತೇನೆ. ಆದರೆ ಗೇಟಿನ ಹೊರಗೆ ನಾನು ಕಂಡದ್ದು ಒಂದು ಫೋನಿಗೆ ಎಂಟು ತಲೆಗಳು! ಅವರಿಗೆ ಬೇಕಾಗಿದ್ದದ್ದು ಕೂಟ. ಕೂಡಲು ನಾವು ಅವರಿಗೆ ಬಿಟ್ಟಿರುವುದು ರಸ್ತೆಯ ಅಂಚು ಮಾತ್ರ.

ಶಾಲೆಯ ಬಯಲು ಬೇಸಿಗೆಯಲ್ಲಿ ಏನಾಗಬಲ್ಲದೆಂಬುದಕ್ಕೆ ಬೆಂಗಳೂರಿನಲ್ಲಿ ಒಂದು ಹಳೆಯ ದೃಷ್ಟಾಂತವಿದೆ. 1939ರಲ್ಲಿ ಆರಂಭವಾದ ಶ್ರೀ ರಾಮಸೇವಾ ಮಂಡಳಿಯ ರಾಮನವಮಿ ಸಂಗೀತೋತ್ಸವವು ಚಾಮರಾಜಪೇಟೆಯ ಕೋಟೆ ಪ್ರೌಢಶಾಲೆಯ ಆವರಣದಲ್ಲಿ ದಶಕಗಳಿಂದ ನಡೆದುಬಂದಿದೆ. ಮಕ್ಕಳು ಕವಾಯತು ಮಾಡುವ ಮೈದಾನದಲ್ಲಿ ಚಪ್ಪರ ಏಳುತ್ತದೆ. ಕರ್ನಾಟಕ ಸಂಗೀತದ ಅತಿ ದೊಡ್ಡ ಹೆಸರುಗಳು ಅಲ್ಲಿ ಹಾಡಿವೆ. ನೌಕರಿಯ ಆರಂಭದ ದಿನಗಳಲ್ಲಿ ತರಬೇತಿಗೆಂದು ಹೋಗಿದ್ದ ನಾನು, ಟಿಕೀಟಿಗೆ ದುಡ್ಡಿಲ್ಲದೆ ಹೊರಗಿನ ಕಾಲುದಾರಿಯ ಮೇಲೆ ಪತ್ರಿಕೆ ಹಾಸಿಕೊಂಡು ಕುಳಿತು, ಒಂದು ಪೂರ್ತಿ ಕಛೇರಿ ಕೇಳಿದ್ದೇನೆ. ನನ್ನಂಥವರು ಅಲ್ಲಿ ಹತ್ತಾರು ಜನರಿದ್ದರು. ಯಾರೂ ನಮ್ಮನ್ನು ಎಬ್ಬಿಸಲಿಲ್ಲ. ಮೈಸೂರಿನ ರಂಗಾಯಣವು ಪ್ರತಿ ಬೇಸಿಗೆಯಲ್ಲಿ ನಡೆಸುವ ಚಿಣ್ಣರ ಮೇಳಕ್ಕೆ ಮಕ್ಕಳನ್ನು ಸೇರಿಸಲು ಪಾಲಕರು ತೋರಿಸುವ ಆತುರವನ್ನು ಕಂಡವರಿಗೆ, ಬೇಡಿಕೆ ಇಲ್ಲವೆಂಬ ಮಾತನ್ನು ಹೇಳಲಾಗದು.

ಇದಕ್ಕೆ ಬರುವ ಆಕ್ಷೇಪಗಳನ್ನು ನಾನು ಅರಿಯದವನಲ್ಲ. ಮೂವತ್ತು ವರ್ಷ ಮಾಸ್ತರಿಕೆ ಮಾಡಿದವನಿಗೆ ಒಡೆದ ಕಿಟಕಿ, ಮುರಿದ ನಳ, ಗೋಡೆಯ ಮೇಲಿನ ಬರಹಗಳ ಲೆಕ್ಕ ಗೊತ್ತಿದೆ. ಬಯಲನ್ನು ತೆರೆದರೆ ಹಾನಿ ಆಗುತ್ತದೆ. ಆಗುವುದಿಲ್ಲವೆಂದು ಹೇಳಿ ಮುಖ್ಯೋಪಾಧ್ಯಾಯರಿಗೆ ನಾನು ಮೋಸ ಮಾಡಲಾರೆ. ಸೂಟಿ ಕಳೆದು ಬಂದ ಶಿಕ್ಷಕರ ತಲೆಗೆ ಆ ಹೊರೆಯನ್ನು ಕಟ್ಟುವುದೂ ಸಲ್ಲ. ಅವರಿಗೂ ಬಿಡುವು ಬೇಕು. ಇದನ್ನು ಹೊರಬೇಕಾದವರು ಹಳೆಯ ವಿದ್ಯಾರ್ಥಿಗಳಾದ ನಾವು. ಧ್ವನಿವರ್ಧಕದ ಕಾಟವೆನ್ನುವವರಿಗೆ, ರಾತ್ರಿ 10ರ ನಂತರ ಅದನ್ನು ನಿಲ್ಲಿಸಬೇಕೆಂದು 2000ದ ಶಬ್ದಮಾಲಿನ್ಯ ನಿಯಮಗಳೇ ಹೇಳುತ್ತವೆ. ನಮಗೆ 9 ಸಾಕು.

ಗಟ್ಟಿಯಾದ ಆಕ್ಷೇಪವೆಂದರೆ ಪರೀಕ್ಷೆಯದು. ವೈದ್ಯಕೀಯ, ಇಂಜಿನಿಯರಿಂಗ್ ಪ್ರವೇಶ ಪರೀಕ್ಷೆಗಳ ಈ ಕಾಲದಲ್ಲಿ ಪಟ್ಟಣದ ಮಕ್ಕಳು ಬೇಸಿಗೆಯಿಡೀ ತರಬೇತಿ ಪಡೆಯುತ್ತಿರುವಾಗ ನಮ್ಮ ಹಳ್ಳಿಯ ಮಕ್ಕಳು ಹಾಡು ಕೇಳುತ್ತ ಕುಳಿತರೆ ಹಿಂದೆ ಬೀಳುವುದಿಲ್ಲವೇ? ಈ ಪ್ರಶ್ನೆಯನ್ನು ಕೇಳುವವರ ಕಳಕಳಿ ನಿಜವಾದುದು; ಕೂಲಿಕಾರನ ಮಗಳು ಡಾಕ್ಟರಳಾಗುವುದನ್ನು ನಾನೂ ಬಯಸುತ್ತೇನೆ. ಎಂಟು ಕೋಣೆಗಳು ಬೇಡವೆಂದು ನನ್ನ ವಾದವಲ್ಲ. ಅವು ವಿಜ್ಞಾನ ವಿಭಾಗದ ಕಟ್ಟಡದ ಮೇಲೆ ಇನ್ನೊಂದು ಅಂತಸ್ತಾಗಿ ಏಳಬಹುದು, ಪ್ರಸಾದನಿಲಯದ ಹಿಂದಿನ ಜಾಗದಲ್ಲಿ ಏಳಬಹುದು. ಬೆಳಿಗ್ಗೆ ತಂಪು ಹೊತ್ತಿನಲ್ಲಿ ಗಣಿತ ಕಲಿತ ಹುಡುಗಿಯು ಸಂಜೆ ಅದೇ ಆವರಣದಲ್ಲಿ ತನ್ನ ತಾಯಿಯನ್ನು ಪಕ್ಕದಲ್ಲಿ ಕೂಡ್ರಿಸಿಕೊಂಡು ನಾಟಕ ನೋಡಿದರೆ ಅಂಕಗಳು ಕಡಿಮೆಯಾಗುವುದಿಲ್ಲವೆಂದು ನನ್ನ ನಂಬಿಕೆ. ಮಂಟಪವನ್ನು ಒಮ್ಮೆ ಕೆಡವಿದೆವೆಂದರೆ ಮತ್ತೆ ಕಟ್ಟಲು ಬಯಲೇ ಇರುವುದಿಲ್ಲ.

ಬರುವ ಬಸವ ಜಯಂತಿಯ ಸಂಜೆಯಿಂದ ಮೇ ತಿಂಗಳ ಕೊನೆಯವರೆಗೆ, ದಿನವೂ 5ರಿಂದ 9ರವರೆಗೆ ಗೇಟು ತೆರೆದಿರಲಿ. ದೊಡ್ಡ ಕಲಾವಿದರನ್ನು ಕರೆಯಿಸುವ ಗೊಡವೆ ಮೊದಲ ವರ್ಷವೇ ಬೇಡ. ಊರ ಭಜನಾ ಮೇಳವಿದೆ. ಗದುಗಿನಲ್ಲಿ ಕಲಿತುಬಂದ ಗಾಯಕರು ಸುತ್ತಲ ಹಳ್ಳಿಗಳಲ್ಲಿದ್ದಾರೆ. ಪಾರಿಜಾತದವರು ಕರೆದರೆ ಬರುತ್ತಾರೆ. ವಾರಕ್ಕೊಮ್ಮೆ ಪ್ರಾರ್ಥನಾ ಮಂದಿರದ ಬಿಳಿಗೋಡೆಯ ಮೇಲೆ ಒಂದು ಒಳ್ಳೆಯ ಕನ್ನಡ ಚಿತ್ರ, ಪರವಾನಗಿ ಪಡೆದು. ಮಿಕ್ಕ ದಿನ ಏನೂ ಇಲ್ಲದಿದ್ದರೂ ನಡೆದೀತು. ಮಕ್ಕಳು ಆಡಿಕೊಂಡಾರು, ಹಿರಿಯರು ಕಟ್ಟೆಯ ಮೇಲೆ ಕುಳಿತಾರು. ಹೆಂಗಸರಿಗೆ ಮುಂದಿನ ಸಾಲುಗಳು ಮೀಸಲಿರಲಿ, ಚಹಾ ಮಾಡುವ ಸರದಿ ಗಂಡಸರದಾಗಲಿ.

ಕಟ್ಟಡದ ನಕ್ಷೆಯ ಕೆಲಸ ಇನ್ನೂ ಕಾಗದದ ಮೇಲೆಯೇ ಇದೆಯೆಂದು ತಿಳಿಯಿತು. ಅದು ಅಂತಿಮವಾಗುವ ಮೊದಲು ಈ ವಿಷಯವನ್ನು ಸಮಿತಿಯ ಮುಂದೆ ಒಮ್ಮೆ ಇಡಬೇಕೆಂದು ಕಾರ್ಯದರ್ಶಿಗಳನ್ನು ಕೇಳಿಕೊಳ್ಳುತ್ತೇನೆ. ಮಂಟಪದ ಎದುರಿಗೆ ಹಾಸಲು ಬೇಕಾಗುವ ನವಲಗುಂದದ ಜಮಖಾನೆಗಳ ವೆಚ್ಚವನ್ನು ಮೊದಲ ವರ್ಷಕ್ಕೆ ನನ್ನ ಹೆಸರಿನಲ್ಲಿ ಬರೆದುಕೊಳ್ಳಬೇಕು.