ಮಕ್ಕಳಿಂದ ನಿಜವಾದ ಪತ್ರ ಬರೆಸಿ



ಎಸ್ಸೆಸ್ಸೆಲ್ಸಿ ಕನ್ನಡ ಪರೀಕ್ಷೆಯಲ್ಲಿ ಪತ್ರಲೇಖನಕ್ಕೆ ಅಂಕವಿದೆ. ಆದರೆ ಮಕ್ಕಳು ಬರೆಯುವುದು ಗೈಡಿನಿಂದ ಉರು ಹೊಡೆದ ಪತ್ರವನ್ನು. ಹತ್ತನೇ ತರಗತಿ ಪಾಸಾದ ಹುಡುಗರು ಬ್ಯಾಂಕಿನಲ್ಲಿ ಚಲನ್ ತುಂಬಿಕೊಡಿ ಎಂದು ನನ್ನ ಮುಂದೆ ನಿಂತದ್ದುಂಟು. ತಪ್ಪು ಅವರದಲ್ಲ, ಕಲಿಸದ ನಮ್ಮದು.

ಬೀದಿ ನಲ್ಲಿ ಕೆಟ್ಟಿದ್ದರೆ ಪಂಚಾಯಿತಿ ಪಿಡಿಒಗೆ ಮಕ್ಕಳಿಂದಲೇ ಅರ್ಜಿ ಬರೆಸಬಹುದಲ್ಲ? ಯಾವ ಬೀದಿ, ಎಷ್ಟು ದಿನದಿಂದ ನೀರಿಲ್ಲ, ಎಷ್ಟು ಮನೆಗಳಿಗೆ ತೊಂದರೆ ಎಂದು ವಿಚಾರಿಸಿ ಬರೆಯಬೇಕು. ಆಗ ‘ಬಹಳ ತೊಂದರೆಯಾಗಿದೆ’ ಎಂಬ ಸವಕಲು ಸಾಲು ಸಾಲದು ಎಂದು ಮಗುವಿಗೇ ತಿಳಿಯುತ್ತದೆ. ಮಾಹಿತಿ ಹಕ್ಕಿನ ಅರ್ಜಿಯನ್ನೂ ಹೀಗೆ ಬರೆಸಬಹುದು. ಕರ್ನಾಟಕದ ನಿಯಮದಂತೆ ಅದು ಒಂದೇ ವಿಷಯಕ್ಕೆ ಸಂಬಂಧಿಸಿರಬೇಕು, 150 ಪದ ಮೀರಬಾರದು. ಹೇಳಬೇಕಾದ್ದನ್ನು ಅಷ್ಟರಲ್ಲೇ ಹೇಳುವುದು ಎಂಥ ಒಳ್ಳೆಯ ಅಭ್ಯಾಸ!

ಗ್ರಾಮ ಪಂಚಾಯಿತಿಗಳಲ್ಲಿ ಮಕ್ಕಳ ಗ್ರಾಮಸಭೆ ನಡೆಯುತ್ತದೆ. ಶಿಕ್ಷಕರು ಈ ಸಲ ಅಲ್ಲಿಗೆ ಮಕ್ಕಳೇ ಸ್ವಂತ ಮಾತಿನಲ್ಲಿ ಬರೆದ ಅರ್ಜಿಗಳನ್ನು ಕೊಡಿಸಲಿ, ಸ್ವೀಕೃತಿಯನ್ನೂ ಅವರ ಕೈಗೇ ಕೊಡಿಸಲಿ.

– ನಿವೃತ್ತ ಶಿಕ್ಷಕ, ತಿಪಟೂರು