ದೇಶ ಸುತ್ತು, ಕೋಶ ಓದು, ಗೋಡೆಗೂ ನೀರು ಹಾಕು

ಹೊಳೆನರಸೀಪುರದ ನಮ್ಮ ಶಾಲೆಯಲ್ಲಿ ಪೋಷಕರ ಸಭೆ ಮುಗಿದು ಎಲ್ಲರೂ ಏಳುತ್ತಿದ್ದರು. ಹಿಂದಿನ ಬೆಂಚಿನಲ್ಲಿ ಕುಳಿತಿದ್ದ ಒಬ್ಬ ತಾಯಿ ನನ್ನ ಬಳಿ ಬಂದು, "ಸಾರ್, ನಮ್ಮ ಹುಡುಗ ಪಾಠದ ಪುಸ್ತಕದ ಅಂಚಿನಲ್ಲೆಲ್ಲ ಚಿತ್ರ ಬಿಡಿಸ್ತಾನೆ. ಮನೆ ರಿಪೇರಿ ಅರ್ಧಕ್ಕೆ ನಿಂತಿದೆ. ಎಲ್ಲಿಗಾದ್ರೂ ಕರ್ಕೊಂಡು ಹೋಗಿ ಅಂತ ಮಕ್ಕಳು ಎರಡು ವರ್ಷದಿಂದ ಕೇಳ್ತಿದಾವೆ. ಇದಕ್ಕೆಲ್ಲ ಹೊತ್ತು ಎಲ್ಲಿದೆ ಹೇಳಿ. ಮೊದಲು ಆ ಚಿತ್ರ ಬಿಡಿಸೋದು ನಿಲ್ಲಿಸು ಅಂತ ನೀವೇ ಅವನಿಗೆ ಹೇಳಿ" ಎಂದರು.

ಮೇಷ್ಟರಾದವರಿಗೆ ಉಪದೇಶ ನಾಲಗೆಯ ತುದಿಯಲ್ಲೇ ಇರುತ್ತದೆ. ಆದರೆ ಅಂದು ನನಗೆ ಮಾತು ಹೊರಡಲಿಲ್ಲ. ಆ ತಾಯಿ ಏನು ಮಾಡಬೇಕೆಂದಿದ್ದರೋ ಅದನ್ನು ನಾನು ನನ್ನ ಮನೆಯಲ್ಲಿ ಆಗಲೇ ಮಾಡಿ ಮುಗಿಸಿದ್ದೆ. "ಯೋಚನೆ ಮಾಡಿ ಹೇಳ್ತೀನಿ ಕಣಮ್ಮ" ಎಂದು ಕಳಿಸಿಕೊಟ್ಟೆ. ಅವರಿಗೆ ಹೇಳಬೇಕಾದದ್ದನ್ನು ಈ ವಾರ ನಿಮ್ಮೆಲ್ಲರ ಮುಂದೆ ಹೇಳುತ್ತಿದ್ದೇನೆ.

ನನ್ನದು ಅರಕಲಗೂಡು ಸೀಮೆ. ಮನೆ ಹಾಸನದಲ್ಲಿ, ಕೆಲಸ ಹೊಳೆನರಸೀಪುರದಲ್ಲಿ. ಮನೆ ಕಟ್ಟಿ ಇಪ್ಪತ್ತು ವರ್ಷದ ಮೇಲಾಗಿದೆ. ಪ್ರತಿ ಮಳೆಗಾಲದಲ್ಲೂ ನಡುಮನೆಯ ಪಡುವಣ ಗೋಡೆ ತೇವ ಹಿಡಿದು, ಸುಣ್ಣ ಬಣ್ಣಗಳು ಹಪ್ಪಳದಂತೆ ಎದ್ದು ಬರುತ್ತಿದ್ದವು. 2024ರ ಏಪ್ರಿಲ್‌ನಲ್ಲಿ, ಬೇಸಿಗೆ ರಜೆ ಶುರುವಾದೊಡನೆ, ಪಿ.ಎಫ್. ಹಣ ತೆಗೆದು ರಿಪೇರಿಗೆ ಕೈಹಾಕಿದೆ. ಗೋಡೆಯಿಂದ ಶುರುವಾದದ್ದು ಅಡುಗೆಮನೆಯ ಕಟ್ಟೆಗೆ ಹೋಯಿತು, ಅಲ್ಲಿಂದ ಬಚ್ಚಲಮನೆಗೆ, ಅಲ್ಲಿಂದ ಮುಂಬಾಗಿಲಿಗೆ. 'ಮನೆ ಕಟ್ಟಿ ನೋಡು' ಎಂದು ಹಿರಿಯರು ಸುಮ್ಮನೆ ಹೇಳಲಿಲ್ಲ. ರಿಪೇರಿ ಮಾಡಿ ನೋಡು ಎಂದು ಸೇರಿಸುವುದನ್ನು ಮರೆತರು, ಅಷ್ಟೆ.

ಮಗಳು ಆಗ ಒಂಬತ್ತನೇ ತರಗತಿ ಮುಗಿಸಿದ್ದಳು. ಚಿಕ್ಕಂದಿನಿಂದ ಚಿತ್ರ ಬಿಡಿಸುವ ಹವ್ಯಾಸ. ಲೋಯರ್ ಗ್ರೇಡ್ ಚಿತ್ರಕಲಾ ಪರೀಕ್ಷೆ ಕಟ್ಟಬೇಕೆಂಬ ಆಸೆ. "ಬರುವ ವರ್ಷ ಎಸ್ಸೆಸ್ಸೆಲ್ಸಿ, ಇದೆಲ್ಲ ಆಮೇಲೆ" ಎಂದಿದ್ದೆ. ಒಂದು ದಿನ ಗಾರೆಯವರು ಸಿಮೆಂಟು, ಮರಳಿನ ಲೆಕ್ಕ ಹೇಳುತ್ತಿದ್ದಾಗ ಬರೆದುಕೊಳ್ಳಲು ಕೈಗೆ ಸಿಕ್ಕಿದ್ದು ಅವಳ ಚಿತ್ರದ ಪುಸ್ತಕ. ಹಿಂದಿನ ಖಾಲಿ ಹಾಳೆಯಲ್ಲಿ ಬರೆದೆ. ಮರುದಿನವೂ ಬರೆದೆ. ಹೀಗೇ ಹತ್ತು ಹಾಳೆ ತುಂಬಿದವು.

ಹದಿನೈದು ದಿನ ಕಳೆದ ಮೇಲೆ ಏನೋ ನೆನಪಾಗಿ, "ಏನಮ್ಮಾ, ಈಚೆಗೆ ಚಿತ್ರ ಬಿಡಿಸೋದೇ ಕಾಣೆನಲ್ಲ" ಎಂದು ಕೇಳಿದೆ.

"ಪುಸ್ತಕ ನಿಮ್ಮ ಹತ್ರ ಇದೆಯಲ್ಲ ಅಪ್ಪ" ಎಂದಳು.

ಕೋಪವಿರಲಿಲ್ಲ, ಅಳುವಿರಲಿಲ್ಲ. ಅದಕ್ಕೇ ಆ ಮಾತು ಇಂದಿಗೂ ನನ್ನನ್ನು ಚುಚ್ಚುತ್ತದೆ. ಮಕ್ಕಳು ಹಟ ಮಾಡುವವರೆಗೆ ಭಯವಿಲ್ಲ. ಕೇಳುವುದನ್ನೇ ಬಿಟ್ಟರೆ ನಾವು ಹೆದರಬೇಕು.

ಅಂದು ರಾತ್ರಿ ಕುಳಿತು ಒಂದು ಲೆಕ್ಕ ಹಾಕಿದೆ. ನೀವೂ ಹಾಕಿ ನೋಡಿ. ವಾರಕ್ಕೆ 168 ಗಂಟೆ. ದಿನಕ್ಕೆ ಎಂಟು ಗಂಟೆ ನಿದ್ದೆಯೆಂದರೆ 56. ಶಾಲೆಯೋ ಕಚೇರಿಯೋ ಆರು ದಿನ, ದಿನಕ್ಕೆ ಏಳು ಗಂಟೆಯಂತೆ 42. ಹೋಗಿ ಬರುವ ದಾರಿಗೆ 12. ಸ್ನಾನ, ಊಟ, ಅಂಗಡಿ ಮುಂಗಟ್ಟಿಗೆ ದಿನಕ್ಕೆ ಮೂರರಂತೆ 21. ಮಕ್ಕಳಿಗೆ ಓದು, ನಮಗೆ ಮನೆಗೆಲಸ ಎಂದು ಇನ್ನೊಂದು 21. ಎಲ್ಲ ಕೂಡಿದರೆ 152. ಉಳಿದದ್ದು 16 ಗಂಟೆ. ಇದು ಕಡಿಮೆಯೇನಲ್ಲ. ಆದರೆ ಈ ಹದಿನಾರು ಗಂಟೆ ಒಂದೇ ಗಂಟಾಗಿ ಸಿಗುವುದಿಲ್ಲ, ಚೂರುಚೂರಾಗಿ ಸಿಗುತ್ತದೆ. ಮೊಬೈಲಿಗೆ ಬೇಕಾದದ್ದೂ ಇಂಥ ಚೂರುಗಳೇ. ಯಾವ ಚೂರು ಎಲ್ಲಿ ಹೋಯಿತೆಂದು ಶನಿವಾರ ಹುಡುಕಿದರೆ ಸುಳಿವೇ ಇರುವುದಿಲ್ಲ.

ವಿದ್ಯಾರ್ಥಿಗಳಿಗೆ ಸನ್ನೆಯ ನಿಯಮ ಗೊತ್ತು. ಒಂದು ಮೀಟರ್ ಅಳತೆಪಟ್ಟಿಯನ್ನು ನಡುವೆ, ಅಂದರೆ 50 ಸೆಂಟಿಮೀಟರ್ ಗುರುತಿನಲ್ಲಿ ದಾರ ಕಟ್ಟಿ ತೂಗುಹಾಕಿ. ಒಂದು ಕಡೆ ನಡುವಿನಿಂದ 10 ಸೆಂಟಿಮೀಟರ್ ದೂರದಲ್ಲಿ 200 ಗ್ರಾಂ ತೂಕ ಕಟ್ಟಿ. ಪಟ್ಟಿ ವಾಲುತ್ತದೆ. ಇನ್ನೊಂದು ಕಡೆ 200 ಗ್ರಾಮೇ ಕಟ್ಟಬೇಕೆಂದಿಲ್ಲ. 40 ಸೆಂಟಿಮೀಟರ್ ದೂರದಲ್ಲಿ ಬರೀ 50 ಗ್ರಾಂ ಕಟ್ಟಿದರೆ ಪಟ್ಟಿ ಸಮವಾಗಿ ನಿಲ್ಲುತ್ತದೆ. ತೂಕವನ್ನು ದೂರದಿಂದ ಗುಣಿಸಿದರೆ ಎರಡೂ ಕಡೆ 2000.

ಸಮತೋಲನ ಎಂದೊಡನೆ ನಾವು ಅಂಗಡಿಯ ತಕ್ಕಡಿಯನ್ನು ನೆನೆಯುತ್ತೇವೆ. ಮನೆಗೆಲಸಕ್ಕೆ ಇಷ್ಟು ದಿನವಾದರೆ ಚಿತ್ರಕ್ಕೂ ಅಷ್ಟೇ ದಿನ, ಪ್ರವಾಸಕ್ಕೂ ಅಷ್ಟೇ ಎಂದುಕೊಳ್ಳುತ್ತೇವೆ. ಅದು ಆಗದ ಮಾತು ಎಂದು ಎಲ್ಲವನ್ನೂ ಕೈಬಿಡುತ್ತೇವೆ. ಆದರೆ ದೊಡ್ಡ ಕೆಲಸದ ಕೈಗೆ ಎಟುಕದಷ್ಟು ದೂರದಲ್ಲಿ ಇಟ್ಟರೆ, ಒಂದು ಸಣ್ಣ ಹೊತ್ತೂ ದೊಡ್ಡ ಭಾರವನ್ನು ಎತ್ತಿ ನಿಲ್ಲಿಸುತ್ತದೆ. ದೂರದಲ್ಲಿಡುವುದೆಂದರೆ ಆ ಹೊತ್ತನ್ನು ಗೊತ್ತು ಮಾಡಿಬಿಡುವುದು, ಬೇರೆ ಯಾವ ಕೆಲಸವೂ ಅದನ್ನು ಮುಟ್ಟದಂತೆ ಕಾಯುವುದು. ಸಂಜೆ ಅರ್ಧ ಗಂಟೆ ಚಿತ್ರಕ್ಕೆ ಎಂದರೆ ಆ ಹೊತ್ತಿಗೆ ಮಗಳನ್ನು ಅಂಗಡಿಗೆ ಕಳಿಸಬಾರದು, ಗಾರೆಯವರಿಗೆ ಟೀ ಕೊಡು ಎಂದೂ ಕರೆಯಬಾರದು. ಹೊಸ ಪುಸ್ತಕ ತಂದುಕೊಟ್ಟೆ. ಮೊದಲ ವಾರ ಅವಳು ಅದನ್ನು ತೆರೆಯಲೇ ಇಲ್ಲ. ನಾನೂ ಕೇಳಲಿಲ್ಲ.

ಮೇ ತಿಂಗಳ ಆರಂಭದಲ್ಲಿ ಪಡುವಣ ಗೋಡೆಯ ಗಿಲಾವು ಮುಗಿಯಿತು. ಗಾರೆ ಮೇಸ್ತ್ರಿ, "ಮೇಷ್ಟ್ರೇ, ಇನ್ನೊಂದು ವಾರ ಬೆಳಿಗ್ಗೆ ಸಂಜೆ ನೀರು ಹಾಕ್ತಿರಿ. ಅಲ್ಲಿವರೆಗೆ ನಮ್ಗೆ ಇಲ್ಲಿ ಕೆಲಸ ಇಲ್ಲ" ಎಂದು ಹೊರಟುಹೋದರು. ಸಿಮೆಂಟು ಒಣಗಿ ಗಟ್ಟಿಯಾಗುತ್ತದೆಂದು ಬಹಳ ಜನ ತಿಳಿದಿದ್ದಾರೆ. ಹಾಗಲ್ಲ. ಅದು ನೀರಿನೊಡನೆ ರಾಸಾಯನಿಕವಾಗಿ ಕೂಡಿಕೊಂಡು ಗಟ್ಟಿಯಾಗುತ್ತದೆ. ಬೇಗ ಒಣಗಿದರೆ ಬಿರುಕು ಬಿಡುತ್ತದೆ, ಬಲ ಬರುವುದಿಲ್ಲ. ನೀರು ಹಾಕಿ ಕಾಯಬೇಕು. ಇಷ್ಟು ವರ್ಷ ಪಾಠ ಹೇಳಿದ ನನಗೆ ಅಂದು ಹೊಳೆದದ್ದು ಬೇರೆ. ಬೆಳಗಿನ ನೀರಿಗೂ ಸಂಜೆಯ ನೀರಿಗೂ ನಡುವೆ ಒಂದು ಇಡೀ ಹಗಲು ಬಿಡುವಿದೆ!

"ನಾಳೆ ನುಗ್ಗೇಹಳ್ಳಿಗೆ ಹೋಗೋಣ" ಎಂದೆ. ಮನೆಯವರು, "ಗೋಡೆ ಬಿಟ್ಟು ಬರ್ತೀರಾ?" ಎಂದು ನಕ್ಕರು.

ಗೋಡೆಗೆ ನೀರು ಹೊಡೆದು, ಚಿತ್ರಾನ್ನ ಕಟ್ಟಿಕೊಂಡು ಹಾಸನದಿಂದ ಚನ್ನರಾಯಪಟ್ಟಣಕ್ಕೆ, ಅಲ್ಲಿಂದ ತಿಪಟೂರು ದಾರಿಯಲ್ಲಿ ನುಗ್ಗೇಹಳ್ಳಿಗೆ ಬಸ್ಸು ಹಿಡಿದೆವು. 2023ರ ಜೂನ್‌ನಲ್ಲಿ ಬಂದ ಶಕ್ತಿ ಯೋಜನೆಯಿಂದ ಹೆಂಡತಿಗೂ ಮಗಳಿಗೂ ಟಿಕೆಟಿನ ಖರ್ಚಿಲ್ಲ. ಕಾಸು ಕೊಟ್ಟವನು ನಾನೊಬ್ಬನೇ. ಪ್ರವಾಸವೆಂದರೆ ಲಗೇಜು, ಲಾಡ್ಜು, ಸಾಲ ಎಂದು ತಿಳಿದಿದ್ದ ನನಗೆ ಇದೂ ಒಂದು ಪಾಠ.

ನುಗ್ಗೇಹಳ್ಳಿಯ ಲಕ್ಷ್ಮೀನರಸಿಂಹ ದೇವಾಲಯ 1246ರದು. ಹೊಯ್ಸಳ ಅರಸ ಸೋಮೇಶ್ವರನ ಕಾಲದಲ್ಲಿ ಬೊಮ್ಮಣ್ಣ ದಂಡನಾಯಕ ಕಟ್ಟಿಸಿದ ತ್ರಿಕೂಟ. ಇದರ ಶಿಲ್ಪಗಳಲ್ಲಿ ತೆಂಕಣ ಬದಿಯದು ಬೈಚೋಜನ ಕೈ, ಬಡಗಣ ಬದಿಯದು ಮಲ್ಲಿತಮ್ಮನ ಕೈ. ಒಂದೇ ಗುಡಿ, ಒಂದೇ ಬಳಪದ ಕಲ್ಲು, ಆದರೂ ಎರಡು ಮನಸ್ಸು. ಬೇಲೂರು, ಹಳೇಬೀಡು, ಸೋಮನಾಥಪುರದ ಗುಡಿಗಳು 2023ರಲ್ಲಿ ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು. ನುಗ್ಗೇಹಳ್ಳಿ ಆ ಪಟ್ಟಿಯಲ್ಲಿಲ್ಲ. ಅಂದು ನಮಗೆ ಜನಜಂಗುಳಿಯೂ ಇರಲಿಲ್ಲ, ಅವಸರವೂ ಇರಲಿಲ್ಲ.

ಮಗಳು ಗುಡಿಯನ್ನು ಒಂದು ಸುತ್ತು ಬಂದಳು, ಎರಡು ಸುತ್ತು ಬಂದಳು. ಆಮೇಲೆ ನೆರಳಿನಲ್ಲಿ ಕುಳಿತು, ಚೀಲದಿಂದ ಹೊಸ ಪುಸ್ತಕ ತೆಗೆದಳು. ನಾನು ಆಚೆ ನೋಡುತ್ತಾ ನಿಂತೆ. ಅವಳು ದೇವರನ್ನು ಬಿಡಿಸಲಿಲ್ಲ, ನರ್ತಕಿಯನ್ನೂ ಬಿಡಿಸಲಿಲ್ಲ. ಗೋಡೆಯ ಮೇಲೆ ಮುಂದಕ್ಕೆ ಚಾಚಿಕೊಂಡಿರುವ ಕಲ್ಲಿನ ಸೂರಂಚನ್ನೂ, ಅದರ ಕೆಳಗೆ ಬಿದ್ದ ನೆರಳನ್ನೂ ಬಿಡಿಸುತ್ತಿದ್ದಳು.

"ಅಪ್ಪ, ಇದು ಇಷ್ಟು ಮುಂದೆ ಯಾಕೆ ಬಂದಿದೆ?"

"ಮಳೆ ನೀರು ಗೋಡೆ ಮೇಲೆ ಇಳೀದೆ ದೂರ ಬೀಳಲಿ ಅಂತ" ಎಂದು ಹೇಳುತ್ತಿದ್ದವನು ಅಲ್ಲಿಗೇ ನಿಂತೆ. ನಮ್ಮ ಮನೆಯ ಪಡುವಣ ಕಿಟಕಿಯ ಮೇಲಿನ ಸಜ್ಜಾ ಕಣ್ಣಮುಂದೆ ಬಂತು. ಅದರ ಅಡಿಭಾಗ ನುಣುಪಾಗಿ ಸಪಾಟಾಗಿತ್ತು. ನೀರಿಗೆ ಅಂಟಿಕೊಳ್ಳುವ ಗುಣವಿದೆ. ಲೋಟದಿಂದ ನಿಧಾನವಾಗಿ ನೀರು ಬಗ್ಗಿಸಿದರೆ ಅದು ಲೋಟದ ಹೊರಮೈಗೇ ಅಂಟಿಕೊಂಡು ಇಳಿಯುವುದನ್ನು ನೋಡಿದ್ದೀರಿ. ಹಾಗೆಯೇ ಸಜ್ಜಾದ ತುದಿಗೆ ಬಂದ ನೀರು ಅಡಿಗೆ ಅಂಟಿಕೊಂಡು ಹಿಂದಕ್ಕೆ ಹರಿದು ಗೋಡೆ ಸೇರುತ್ತಿತ್ತು. ಅಡಿಯಲ್ಲಿ, ತುದಿಗೆ ಹತ್ತಿರ, ಉದ್ದಕ್ಕೂ ಒಂದು ಗೀರು ಇದ್ದಿದ್ದರೆ ನೀರು ಅದನ್ನು ದಾಟಲಾರದೆ ಅಲ್ಲೇ ಹನಿಯಾಗಿ ಉದುರುತ್ತಿತ್ತು. ಈ ಗುಣವನ್ನು ಎಷ್ಟೋ ಸಲ ಪಾಠ ಮಾಡಿದ್ದ ನಾನು ನನ್ನ ಕಿಟಕಿಯ ಕಡೆಗೆ ಒಮ್ಮೆಯೂ ತಲೆಯೆತ್ತಿ ನೋಡಿರಲಿಲ್ಲ.

ಸಂಜೆ ಮನೆಗೆ ಬಂದು ಗೋಡೆಗೆ ನೀರು ಹಾಕಿದೆವು. ಮೇಸ್ತ್ರಿ ಬಂದ ಮೇಲೆ ಸಜ್ಜಾದ ಅಡಿಯಲ್ಲಿ ಗೀರು ಮಾಡಿಸಿದೆ. ಅರ್ಧ ದಿನದ ಕೂಲಿ. ಆ ಮಳೆಗಾಲದಲ್ಲಿ ಗೋಡೆ ಪೂರ್ತಿ ಒಣಗಿತ್ತು ಎಂದರೆ ಸುಳ್ಳಾದೀತು. ಬುಡದಲ್ಲಿ ನೆಲದಿಂದ ಏರುವ ತೇವ ಇನ್ನೂ ಇದೆ. ಆದರೆ ಕಿಟಕಿಯ ಸುತ್ತ ಬಣ್ಣ ಏಳಲಿಲ್ಲ.

ಚಿತ್ರ, ಮನೆ, ಪ್ರವಾಸ ಮೂರೂ ಒಂದೇ ಹೊತ್ತಿಗಾಗಿ ಜಗಳವಾಡುವ ದಾಯಾದಿಗಳೆಂದು ನಾನು ತಿಳಿದಿದ್ದೆ. ಹಾಗಲ್ಲ. ಮೂರಕ್ಕೂ ಬೇಕಾದದ್ದು ಕಣ್ಣಿಟ್ಟು ನೋಡುವ ಅಭ್ಯಾಸ. ಅದು ಒಂದರಲ್ಲಿ ಬೆಳೆದರೆ ಇನ್ನೊಂದಕ್ಕೆ ಒದಗಿ ಬರುತ್ತದೆ. ಓದಿಗೂ ಅಷ್ಟೆ.

ನಮ್ಮ ಜಿಲ್ಲೆಯಲ್ಲೇ ಇದಕ್ಕೆ ಹಿರಿಯರ ಸಾಕ್ಷಿಯಿದೆ. ಚನ್ನರಾಯಪಟ್ಟಣ ತಾಲ್ಲೂಕಿನ ಸಂತೇಶಿವರದಲ್ಲಿ 1931ರಲ್ಲಿ ಹುಟ್ಟಿ 2025ರಲ್ಲಿ ನಮ್ಮನ್ನಗಲಿದ ಎಸ್.ಎಲ್. ಭೈರಪ್ಪನವರು ವೃತ್ತಿಯಿಂದ ತತ್ತ್ವಶಾಸ್ತ್ರದ ಅಧ್ಯಾಪಕರು. ಪಾಠ ಮಾಡುತ್ತಲೇ ಕಾದಂಬರಿ ಬರೆದರು, ದೇಶವಿದೇಶ ಸುತ್ತಿದರು. ಅರಕಲಗೂಡು ತಾಲ್ಲೂಕಿನಲ್ಲಿ ಕಾವೇರಿಯ ದಡದ ರುದ್ರಪಟ್ಟಣ ಸಂಗೀತಗಾರರ ಊರು. ಅಲ್ಲಿ ಹುಟ್ಟಿದ ಆರ್.ಕೆ. ಶ್ರೀಕಂಠನ್ (1920–2014) ಆಕಾಶವಾಣಿಯಲ್ಲಿ ನೌಕರಿ ಮಾಡುತ್ತಲೇ ಹಾಡಿದರು, ಶಿಷ್ಯರನ್ನು ತಯಾರು ಮಾಡಿದರು. ಗೊರೂರು ರಾಮಸ್ವಾಮಿ ಅಯ್ಯಂಗಾರ್ಯರು (1904–1991) ಹೇಮಾವತಿ ತೀರದ ತಮ್ಮ ಹಳ್ಳಿಯ ಬದುಕನ್ನು ಬರೆದು ಹೆಸರಾದವರು. ಇಳಿವಯಸ್ಸಿನಲ್ಲಿ ಅಮೆರಿಕೆಗೆ ಹೋಗಿ ಬಂದು ಬರೆದ 'ಅಮೆರಿಕಾದಲ್ಲಿ ಗೊರೂರು' ಪುಸ್ತಕಕ್ಕೆ 1980ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಬಿಡುವಾದ ಮೇಲೆ ಮಾಡೋಣ ಎಂದು ಇವರು ಕುಳಿತಿದ್ದರೆ ನಮಗೆ ಇವರ ಹೆಸರೇ ತಿಳಿಯುತ್ತಿರಲಿಲ್ಲ.

ಪೋಷಕರೇ, ನಮ್ಮ ಮನೆಯಲ್ಲಿ ಈಗ ನಡೆಯುತ್ತಿರುವ ಕ್ರಮ ಇಷ್ಟೆ. ಮನೆಗೆಲಸವನ್ನು ಎರಡು ಪಟ್ಟಿ ಮಾಡಿದ್ದೇವೆ. ನೀರು ನಿಲ್ಲಿಸುವ ಕೆಲಸ ಒಂದು, ಅಂದ ಹೆಚ್ಚಿಸುವ ಕೆಲಸ ಇನ್ನೊಂದು. ಮೊದಲನೆಯದು ಮುಂಗಾರಿಗೆ ಮುಂಚೆ ಆಗಲೇಬೇಕು. ಎರಡನೆಯದು ಕಾಯಬಲ್ಲದು. ಎರಡು ತಿಂಗಳಿಗೊಮ್ಮೆ, ಬೆಳಿಗ್ಗೆ ಹೋಗಿ ಸಂಜೆ ಬರುವಷ್ಟು ದೂರದ ಒಂದು ಊರು. ಮೊಸಳೆಯ ಜೋಡಿಗುಡಿ, ದೊಡ್ಡಗದ್ದವಳ್ಳಿ, ಗೊರೂರು ಅಣೆಕಟ್ಟು, ರಾಮನಾಥಪುರದ ಹೊಳೆ, ಹೇಮಾವತಿ ಹಿನ್ನೀರಿನ ಶೆಟ್ಟಿಹಳ್ಳಿಯ ಹಳೆಯ ಚರ್ಚು: ಪಟ್ಟಿಯಲ್ಲಿ ಇನ್ನೂ ಬಹಳ ಉಳಿದಿವೆ. ದಿನಕ್ಕೆ ಅರ್ಧ ಗಂಟೆ ಅವರವರ ಇಷ್ಟದ ಕೆಲಸಕ್ಕೆ. ಪರೀಕ್ಷೆ ಹತ್ತಿರವಾದಾಗ ಅದು ಕಾಲು ಗಂಟೆಯಾದೀತು, ಆದರೆ ಸೊನ್ನೆಯಾಗಬಾರದು.

ವಿದ್ಯಾರ್ಥಿಗಳೇ, ನಿಮಗೂ ಒಂದು ಮಾತು. ಕಾದಿಟ್ಟ ಅರ್ಧ ಗಂಟೆಯನ್ನು ಮೊಬೈಲಿಗೆ ಒಪ್ಪಿಸಿದರೆ ಅಪ್ಪ ಅಮ್ಮನನ್ನು ದೂರುವ ಹಕ್ಕು ಉಳಿಯುವುದಿಲ್ಲ. ಮನೆಗೆ ಗಾರೆಯವರು ಬಂದಾಗ ಕೋಣೆಯಲ್ಲಿ ಕೂರಬೇಡಿ. ರಸಮಟ್ಟ ಹೇಗೆ ಹಿಡಿಯುತ್ತಾರೆ, ತೂಕದ ಗುಂಡನ್ನು ಯಾಕೆ ಇಳಿಬಿಡುತ್ತಾರೆ ಎಂದು ಹೋಗಿ ನೋಡಿ. ನಾನು ಪಾಠ ಮಾಡುವ ಗುರುತ್ವ ಅಲ್ಲಿ ದಾರದ ತುದಿಯಲ್ಲಿ ತೂಗಾಡುತ್ತಿರುತ್ತದೆ.

ಮಗಳು ಈಗ ಕಾಲೇಜಿಗೆ ಹೋಗುತ್ತಿದ್ದಾಳೆ. ಎಸ್ಸೆಸ್ಸೆಲ್ಸಿಯಲ್ಲಿ ಬಂದ ಅಂಕ ಅವಳ ಶ್ರಮಕ್ಕೆ ತಕ್ಕದ್ದೇ. ಚಿತ್ರದಿಂದ ಹೆಚ್ಚಿತೆಂದಾಗಲಿ ಕಡಿಮೆಯಾಯಿತೆಂದಾಗಲಿ ನಾನು ಹೇಳಲಾರೆ. ಅವಳು ಚಿತ್ರಗಾರ್ತಿಯೇ ಆಗಬೇಕೆಂದೇನೂ ಇಲ್ಲ. ಬಿಡಿಸುವುದನ್ನು ಬಿಟ್ಟಿಲ್ಲ, ಅಷ್ಟು ಸಾಕು. ಸಿಮೆಂಟಿನ ಲೆಕ್ಕ ಬರೆದ ಹಳೆಯ ಪುಸ್ತಕವನ್ನು ನಾನು ಎತ್ತಿಟ್ಟಿದ್ದೇನೆ. ಈಚೆಗೆ ತೆರೆದಾಗ ನನ್ನ ಲೆಕ್ಕದ ಹಾಳೆಯೊಂದರ ಮೂಲೆಯಲ್ಲಿ, ಮೂಟೆಗಳ ಮೊತ್ತದ ಪಕ್ಕದಲ್ಲಿ, ಪೆನ್ಸಿಲಿನಲ್ಲಿ ಬಿಡಿಸಿದ ಒಬ್ಬ ಮನುಷ್ಯ ಕಂಡ. ಕನ್ನಡಕ ಹಾಕಿ, ಕೈಯಲ್ಲಿ ನೀರಿನ ಪೈಪು ಹಿಡಿದು ಗೋಡೆಯನ್ನೇ ನೋಡುತ್ತಾ ನಿಂತಿದ್ದಾನೆ. ಯಾರೆಂದು ಕೇಳುವ ಅಗತ್ಯ ಬೀಳಲಿಲ್ಲ.

ಆ ತಾಯಿ ಇದನ್ನು ಓದುತ್ತಿದ್ದರೆ ನನ್ನ ಉತ್ತರ ಇದು: ಅಮ್ಮಾ, ಚಿತ್ರ ನಿಲ್ಲಿಸೆಂದು ನಾನು ಹೇಳಲಾರೆ. ಪಾಠದ ಪುಸ್ತಕದ ಅಂಚು ಬಿಡು ಎಂದು ಖಂಡಿತ ಹೇಳುತ್ತೇನೆ. ನೀವು ಅವನಿಗೊಂದು ಬೇರೆ ಪುಸ್ತಕ ಕೊಡಿಸಿ. ಅದರಲ್ಲಿ ಮಾತ್ರ ಮನೆಯ ಲೆಕ್ಕ ಬರೆಯಬೇಡಿ.