ಅಂಗಿಯ ಬೆಲೆ, ಕೈಯ ಕೂಲಿ

ಕಿಕ್ಕೇರಿ ಎಂದೊಡನೆ ಸಾಹಿತ್ಯಪ್ರಿಯರಿಗೆ ನೆನಪಾಗುವವರು ಅಲ್ಲಿ ಹುಟ್ಟಿದ ಕೆ. ಎಸ್. ನರಸಿಂಹಸ್ವಾಮಿಯವರು. 1942ರಲ್ಲಿ ಬಂದ ಅವರ ‘ಮೈಸೂರ ಮಲ್ಲಿಗೆ’ ಈ ಸೀಮೆಯ ಮನೆಯಂಗಳಕ್ಕೆ ಕಾವ್ಯದಲ್ಲಿ ಸ್ಥಾನ ಕೊಟ್ಟಿತು. ಇಂದು ಆ ಅಂಗಳ ದಾಟಿ ಮಂಡ್ಯ ಜಿಲ್ಲೆಯ ಎಷ್ಟೋ ಹೆಣ್ಣುಮಕ್ಕಳು ಬೆಳಗಾಗುತ್ತಲೇ ‘ಗಾರ್ಮೆಂಟ್ಸಿ’ಗೆ ಹೊರಡುತ್ತಾರೆ. ಅವರು ಹೊಲಿದ ಅಂಗಿ ತೊಡುವವರು ಕಡಲಾಚೆಯವರು. ಅವರ ಸಂಬಳದ ಮಿತಿ ಬಹುಮಟ್ಟಿಗೆ ಗೊತ್ತಾಗುವುದೂ ಅಲ್ಲಿಯೇ.

ಶ್ರೀರಂಗಪಟ್ಟಣದಲ್ಲಿ ನಡೆದುದನ್ನು ನೋಡಿ. ಗೋಕಲ್‌ದಾಸ್ ಎಕ್ಸ್‌ಪೋರ್ಟ್ಸ್ ಕಂಪನಿಯ ಯೂರೋ ಕ್ಲೋದಿಂಗ್ ಕಾರ್ಖಾನೆ ಸ್ವೀಡನ್ನಿನ ಎಚ್ ಅಂಡ್ ಎಂ ಸಂಸ್ಥೆಗಾಗಿ ಬಟ್ಟೆ ಹೊಲಿಯುತ್ತಿತ್ತು. 2020ರ ಜೂನ್‌ನಲ್ಲಿ ಅಲ್ಲಿಯ ಯಂತ್ರಗಳನ್ನು ಸಾಗಿಸತೊಡಗಿದರು. 1,200ಕ್ಕೂ ಹೆಚ್ಚು ಮಂದಿಯ ಕೆಲಸ ಹೋಯಿತು. ಆರ್ಡರಿಲ್ಲವೆಂದು ಕಂಪನಿ ಹೇಳಿತು. ಸಂಘ ಕಟ್ಟಿದ್ದೇ ಕಾರಣವೆಂದು ಕಾರ್ಮಿಕರು ಹೇಳಿದರು. ಧರಣಿ ಕುಳಿತವರು ಬಹುಪಾಲು ಹೆಂಗಸರು. 2021ರ ಫೆಬ್ರವರಿಯಲ್ಲಿ ಕಂಪನಿ ಸಂಘಕ್ಕೆ ಮನ್ನಣೆ ಕೊಟ್ಟು, ಕೆಲಸ ಕಳೆದುಕೊಂಡವರನ್ನು ಮತ್ತೆ ತೆಗೆದುಕೊಳ್ಳಲು ಒಪ್ಪಿತು.

ಸಂಘ ಕಟ್ಟುವ ಹಕ್ಕನ್ನು ಮಾನ್ಯ ಮಾಡುವ ಒಪ್ಪಂದವೊಂದಕ್ಕೆ ಎಚ್ ಅಂಡ್ ಎಂ 2015ರಲ್ಲಿಯೇ ಅಂತರರಾಷ್ಟ್ರೀಯ ಕಾರ್ಮಿಕ ಒಕ್ಕೂಟದೊಡನೆ ಸಹಿ ಹಾಕಿತ್ತು. ಕೊರೋನಾ ಕಾಲದಲ್ಲಿ, ಸಿದ್ಧವಾದ ಮಾಲಿಗೆ ಹಣ ಕೊಡುವುದಾಗಿಯೂ ಹೇಳಿತ್ತು. ಅದು ಮೆಚ್ಚತಕ್ಕ ಮಾತೇ. ಆದರೆ ಮುಂದಿನ ಋತುವಿನ ಆರ್ಡರಿಗೆ ಯಾವ ಭರವಸೆಯೂ ಇರಲಿಲ್ಲ. ಹೊಲಿಗೆಯವಳ ಬದುಕು ನಿಂತಿರುವುದು ಆ ಆರ್ಡರಿನ ಮೇಲೆ. ಕೊಳ್ಳುವವನು ಕಾಸಿನ ಲೆಕ್ಕದಲ್ಲಿ ದರ ಇಳಿಸುತ್ತಾನೆ, ಗಡುವು ಹತ್ತಿರ ತರುತ್ತಾನೆ. ಆ ಮೇಲೆ ಕಾರ್ಖಾನೆಯ ಗೋಡೆಗೆ ನೀತಿಸಂಹಿತೆ ತೂಗುಹಾಕಿಸುತ್ತಾನೆ. ತಪಾಸಣೆಗೆ ಬಂದವರಿಗೆ ಗೋಡೆ ಕಾಣುತ್ತದೆ, ದರಪಟ್ಟಿ ಕಾಣುವುದಿಲ್ಲ.

ಹಾಗೆಂದು ನಮ್ಮವರ ಪಾಲನ್ನು ಮರೆಮಾಚಲಾಗದು. 2020ರ ಏಪ್ರಿಲ್‌ನಲ್ಲಿ ಸಲ್ಲಬೇಕಾಗಿದ್ದ ತುಟ್ಟಿಭತ್ಯೆಯ ಏರಿಕೆ ತಿಂಗಳಿಗೆ ಸುಮಾರು 417 ರೂಪಾಯಿ. ರಾಜ್ಯದ ಅನೇಕ ಕಾರ್ಖಾನೆಗಳು ಅದನ್ನು ಕೊಡದೆ ಉಳಿಸಿಕೊಂಡವು. ಬಾಕಿ ಕೈಸೇರತೊಡಗಿದ್ದು 2022ರಲ್ಲಿ. ದೊಡ್ಡ ಮೊತ್ತವೇನಲ್ಲ ಎನ್ನುವವರು ಆ ಸಂಬಳದಲ್ಲಿ ಒಂದು ತಿಂಗಳು ಸಂಸಾರ ಸಾಗಿಸಿ ನೋಡಲಿ. ಸರಕು ಒದಗಿಸುವವರ ಕಾರ್ಖಾನೆಯಲ್ಲಿ ನಡೆಯುವುದಕ್ಕೂ ದೊಡ್ಡ ಕಂಪನಿಗಳು ಹೊಣೆ ಹೊರಬೇಕೆಂದು ಫ್ರಾನ್ಸ್ 2017ರಲ್ಲಿ ಕಾನೂನು ಮಾಡಿತು. ಆ ಹೊಣೆಯ ಲೆಕ್ಕವನ್ನು ಕೊಳ್ಳುವವನ ಕರಾರಿನಿಂದಲೇ ಆರಂಭಿಸಬೇಕು: ಒಂದು ಅಂಗಿಯ ದರದಲ್ಲಿ ಕೂಲಿಯ ಭಾಗವನ್ನು ಬೇರೆಯಾಗಿಯೇ ಬರೆದು, ಅದನ್ನು ಚೌಕಾಶಿಯ ಹೊರಗಿಡಲಿ, ಆರ್ಡರು ನಿಲ್ಲಿಸುವಾಗ ತಿಂಗಳುಗಳ ಮುಂಚೆ ತಿಳಿಸಲಿ, ಆ ಪತ್ರದ ಒಂದು ಪ್ರತಿ ಕಾರ್ಮಿಕ ಸಂಘಕ್ಕೂ ಸಲ್ಲಲಿ, ಕನ್ನಡದಲ್ಲಿ.